ಅರವತ್ತು ಡ್ರಮ್, ಒಂದು ಕಳ್ಳ ಸಹಿ

ಕಂಟೇನರ್‌ನ ಬಾಗಿಲು ಧಡಾರನೆ ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ಒಳಗೆ ನಾನು. ಜೊತೆಗೆ ಅರವತ್ತು ಡ್ರಮ್.

ಚಿಲಕ ಹಾಕಿದವನು ನನ್ನ ಅಕ್ಕನ ಗಂಡ.

ಹೇಗೆ ಸಿಕ್ಕಿಬಿದ್ದೆ ಅಂತೀರಾ? ಕೇಳಿ. ಬಂದರಿನಲ್ಲಿ ಹಡಗು ಹತ್ತುವ ಸರಕನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಭಾವನದು ಬಣ್ಣದ ಕಾರ್ಖಾನೆ. ಅಲ್ಲಿನ ರಾಸಾಯನಿಕ ಹೊಲಸು ಈ ಡ್ರಮ್‌ಗಳಲ್ಲಿ ಸಮುದ್ರದಾಚೆಯ ಒಂದು ಬಡ ದೇಶಕ್ಕೆ ಹೊರಟಿತ್ತು. ಅಂತರರಾಷ್ಟ್ರೀಯ ಒಪ್ಪಂದ ಸ್ಪಷ್ಟವಾಗಿದೆ. ಇಳಿಸಿಕೊಳ್ಳುವ ದೇಶ ಮೊದಲೇ ಬರೆದು ಒಪ್ಪಿಗೆ ಕೊಡಬೇಕು. ಇಲ್ಲದಿದ್ದರೆ ಇಂಥ ಸರಕು ಹಡಗು ಹತ್ತುವಂತಿಲ್ಲ.

ಒಪ್ಪಿಗೆ ಪತ್ರವಿತ್ತು. ಸೀಲು, ಸಹಿ... ಎಲ್ಲ ಅಚ್ಚುಕಟ್ಟು. ಅತಿಯಾಗಿ ಅಚ್ಚುಕಟ್ಟು. ಆ ದೇಶದ ಪರಿಸರ ಕಚೇರಿಗೇ ಫೋನ್ ಹಚ್ಚಿದೆ. ಸಹಿಯ ಒಡತಿಯೇ ಸಿಕ್ಕರು.

"ಅದು ನನ್ನ ಸಹಿ ಅಲ್ಲ," ಎಂದರು ಆಕೆ. "ಹೋದ ವರ್ಷವೂ ಹೀಗೇ ಬಂತು. ಬಾವಿ ಪಕ್ಕ ಸುರಿದು ಹೋದ್ರು. ಆ ನೀರಲ್ಲಿ ಮುಖ ತೊಳೆದ ಮಕ್ಕಳಿಗೆ ಚರ್ಮ ಸುಲಿದು ಬರ್ತಿದೆ. ಕಳಿಸ್ಬೇಡಿ."

ಪೊಲೀಸರಿಗೆ ಸುದ್ದಿ ಮುಟ್ಟಿಸಿ, ಸ್ಯಾಂಪಲ್ ತೆಗೆಯಲು ಒಳಗೆ ಕಾಲಿಟ್ಟೆ. ಅಷ್ಟೇ.

ಒಂದು ಡ್ರಮ್ ಸೋರುತ್ತಿತ್ತು. ಕೊಳೆತ ಮೊಟ್ಟೆಯ ನಾತ. ಗಂಟಲಲ್ಲಿ ಬೆಂಕಿ.

"ಭಾವ, ಬಾಗಿಲು ತೆಗೀರಿ."

"ತಪಾಸಣೆ ಆಯ್ತು ಅಂತ ಸಹಿ ಹಾಕ್ತೀಯಾ? ನಿಮ್ಮಕ್ಕನ ಮುಖ ನೋಡಿಯಾದ್ರೂ..."

"ಅಕ್ಕನ ಹೆಸರು ಎತ್ಬೇಡಿ."

ಕಾಲಡಿಯ ನೆಲ ಓಲಾಡಿತು.

ಕ್ರೇನ್...! ನನ್ನನ್ನೂ ಸೇರಿಸಿ ಎತ್ತುತ್ತಿದ್ದರು!

ಹೆಲ್ಮೆಟ್ ಬಿಚ್ಚಿ ಗೋಡೆಗೆ ಬಡಿದೆ. ಬಡಿದೆ. ಬಡಿದೇ ಬಡಿದೆ.

"ಒಳಗೆ ಯಾರೋ ಇದ್ದಾರೆ, ಇಳಿಸ್ರೋ!" ಕೆಳಗೆ ಹಮಾಲನೊಬ್ಬ ಕೂಗಿದ.

ಕಂಟೇನರ್ ನೆಲ ಮುಟ್ಟಿತು. ಬಾಗಿಲು ತೆರೆಯಿತು. ಪೊಲೀಸರು ಆಗಲೇ ಭಾವನ ರಟ್ಟೆ ಹಿಡಿದಿದ್ದರು. ನಾನು ತೂರಾಡುತ್ತ ಬಂದು ವಾಂತಿ ಮಾಡಿದೆ. ಅವನ ಪಾಲಿಶ್ ಮಾಡಿದ ಬೂಟಿನ ಮೇಲೆ. ಬೇಕಂತಲೇ.

"ಡ್ರಮ್‌ನಲ್ಲಿ ಏನಿದೆ?" ಇನ್‌ಸ್ಪೆಕ್ಟರ್ ಭಾವನನ್ನು ಕೇಳಿದರು.

"ಬಣ್ಣ ತೊಳೆದ ನೀರು ಸಾರ್. ಯಾರಿಗೂ ಏನೂ ಆಗಲ್ಲ."

"ಸರಿ ಭಾವ," ಎಂದೆ. "ಹಾಗಾದ್ರೆ ನಿಮ್ಮ ಕಾರ್ಖಾನೆ ಅಂಗಳಕ್ಕೇ ವಾಪಸ್. ಕಳಿಸಿದವರೇ ತಿರುಗಿ ತಗೋಬೇಕು ಅಂತ ಕಾನೂನಿದೆ."

ಅವನ ಮುಖ ಬಿಳಿಚಿಕೊಂಡಿತು.

"ತಲೆ ಕೆಟ್ಟಿದ್ಯೇನೇ? ಪಕ್ಕದಲ್ಲೇ ಮನೆ. ಮಕ್ಕಳು ಆಡ್ತಾರೆ ಅಲ್ಲಿ. ಅದು ವಿಷ ಕಣೇ, ವಿಷ!"

ನಾನು ಇನ್‌ಸ್ಪೆಕ್ಟರ್ ಕಡೆ ತಿರುಗಿದೆ.

"ಹೇಳಿಕೆಯಲ್ಲಿ ಇದನ್ನ ಬರ್ಕೊಳ್ಳಿ ಸಾರ್. ಅವರು ಹೇಳಿದ ಹಾಗೇ."