ಬೆನ್ನ ಹಿಂದಿನ ಕೋಲು

ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ. ಅಮ್ಮ ತೀರಿಕೊಂಡ ಮೇಲೆ ಅವಳ ಆಸೆಯಂತೆ ನಾನೂ ಅಣ್ಣನೂ ಕಡಲ ದಂಡೆಯ ಯಾತ್ರೆಗೆ ಹೊರಟಿದ್ದೆವು. ಅವಳು ಹಾಸಿಗೆ ಹಿಡಿದಾಗ ಅವನು ಇತ್ತ ತಲೆ ಹಾಕಿರಲಿಲ್ಲ. ಒಂದು ಸಲ 'ತಪ್ಪಾಯ್ತು' ಅನ್ನಲಿ ಎಂದೇ ನಾನು ಅವನ ಜೊತೆ ಬಂದಿದ್ದೆ.

ಬಂಡೆಯಂಚಿನ ದಾರಿ ಇಕ್ಕಟ್ಟು. ಮುಂದಿರುವವರು ತಿರುಗಿದರೆ ಕಾಲು ಜಾರುತ್ತದೆಂದು, ಹಿಂದಿರುವವರು ತಾವು ಬರುತ್ತಿರುವುದು ತಿಳಿಯಲೆಂದು ಕೋಲು ಕುಟ್ಟುತ್ತಾ ಬರುವುದು ಯಾತ್ರಿಕರ ರೂಢಿ. ಹೊರಡುವಾಗ ಅಣ್ಣ ನನ್ನ ಹಿಂದಿದ್ದ; ಟಕ್ ಟಕ್ ಸದ್ದು ಬರುತ್ತಲೇ ಇತ್ತು. ನೆತ್ತಿ ಸುಡುವ ಬಿಸಿಲು, ಆದರೆ ಕತ್ತಿನ ಹಿಂಭಾಗ ಮಾತ್ರ ತಣ್ಣಗೆ. ದಾರಿ ಮರಳಿಗಿಳಿದ ಮೇಲೂ ಕೋಲು ಕಲ್ಲಿಗೆ ಬಡಿದಂತೆಯೇ ಕೇಳುತ್ತಿತ್ತು.

"ತಪ್ಪಾಯ್ತು ಕಣೇ. ಅಮ್ಮ ಕರೆದಾಗ ಬರಬೇಕಿತ್ತು," ಅಂದಿತು ಹಿಂದಿನಿಂದ ಅಣ್ಣನ ದನಿ.

ಅಳು ಒತ್ತರಿಸಿ ಬಂತು. ಅವನಿಗೆ ಕಾಣಬಾರದೆಂದು ನಾನು ತಿರುಗಲೇ ಇಲ್ಲ.

ಯಾತ್ರಿಕರ ತಂಗುಮನೆಯೊಳಗೆ ಕಾಲಿಟ್ಟರೆ, ಅಣ್ಣ ಮಂಚದ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ.

"ಬಂದ್ಯಾ ಮಹಾರಾಣಿ? ಕಾಲು ನೋವು ಅಂತ ಶುರುವಲ್ಲೇ ಬಸ್ ಹತ್ತಿದೆ. ಎಷ್ಟು ಕೂಗಿದ್ರೂ ನೀನೆಲ್ಲಿ ತಿರುಗ್ತೀಯ!"

"ಮತ್ತೆ, ತಪ್ಪಾಯ್ತು ಅಂದಿದ್ದು?"

"ನಾನಾ? ನಾನ್ಯಾಕೆ ಹೇಳ್ಲಿ? ನಾನೇನು ಮಾಡಿದೀನಿ?"

ಹೊರಗೆ ಹೊಸ್ತಿಲ ಹತ್ತಿರ ಕೋಲು ಟಕ್ ಎಂದು ನಿಂತಿತು. ಹೋಗಿ ನೋಡಿದರೆ ಯಾರೂ ಇರಲಿಲ್ಲ.

ಬೆಳಿಗ್ಗೆ ಅಣ್ಣ, "ಬಾರೇ, ಇವತ್ತು ಇಬ್ಬರೂ ಬಸ್ಸಲ್ಲೇ ಹೋಗೋಣ," ಅಂದ. ಹೊರಗೆ ಕೋಲು ಮೆಲ್ಲಗೆ ಕುಟ್ಟತೊಡಗಿತ್ತು. ನೀವಾಗಿದ್ದರೆ ಯಾರ ಜೊತೆ ಹೊರಡುತ್ತಿದ್ದಿರಿ?