ಹುಳುವಿನ ಪಾಲು

ಆನೆ ಲದ್ದಿ ಹಾಕಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹೂಳುಗಗಳು ಬಂದವು. ಹುಣಸೆ ಬೀಜಕ್ಕಿಂತ ತುಸು ದೊಡ್ಡವು, ಬಿಸಿಲಿನಿಂದ ಓಡುವ ಯಂತ್ರಗಳು. ತಲೆಯಲ್ಲಿರುವ ಸಂವೇದಕ, ಎಂದರೆ ವಾಸನೆಯನ್ನು ಅಂಕಿಯಾಗಿ ಬದಲಿಸುವ ಬಿಲ್ಲೆ, ಅವಕ್ಕೆ ದಾರಿ ತೋರಿಸುತ್ತಿತ್ತು. ಅರ್ಧ ಗಂಟೆಯಲ್ಲಿ ಲದ್ದಿಯೆಲ್ಲ ಒಂದಡಿ ಆಳ ಸೇರಿತು. ಮೇಲೆ ಒಂದು ಚೂರೂ ಉಳಿಯಲಿಲ್ಲ.

ಇದು ೨೦೬೧ರ ಮಾತು. ಕಾಡಿನ ಮೂರು ಕಡೆಗೂ ಬಡಾವಣೆ ಬಂದಿತ್ತು. ರಸ್ತೆ, ಬೀದಿದೀಪಗಳು ಹೆಚ್ಚಿದಂತೆ ಸಗಣಿ ಹುಳುಗಳು ಕಡಿಮೆಯಾದವು. ದೊಡ್ಡವು ಮೊದಲು ಹೋದವು. ಲದ್ದಿ ಬಿದ್ದಲ್ಲೇ ಕೊಳೆತು ನೊಣ ಎದ್ದಾಗ ಡಾ. ಸಹನಾ ಮಣೂರ ಹೂಳುಗವನ್ನು ರೂಪಿಸಿದರು. ಹುಳುಗಳು ಲದ್ದಿಯಲ್ಲಿನ ಬೀಜವನ್ನು ಎರಡು ಮೂರು ಬೆರಳಿನ ಆಳದಲ್ಲೂ ಬಿಡುತ್ತವೆ ಎಂದು ಅವರಿಗೆ ಗೊತ್ತಿತ್ತು. ಆದರೆ ಬಡಾವಣೆಯವರಿಗೆ ವಾಸನೆ ಸುಳಿಯಲೇಬಾರದು. ಕಾಡಿನ ಪಕ್ಕ ಮನೆ ಬೇಕು, ಕಾಡು ಮಾತ್ರ ಮೂಗಿಗೆ ಬಡಿಯಬಾರದು! ಸಹನಾ ಒಂದಡಿಗೆ ಒಪ್ಪಿಕೊಂಡರು. ಮನೆಗಳ ಕಿಟಕಿ ತೆರೆದವು, ಸಹನಾರಿಗೆ ಸನ್ಮಾನಗಳಾದವು.

ಹೂಳುಗ ಬಂದ ಹನ್ನೆರಡನೆಯ ವರ್ಷ ಕಾವಲುಗಾರ ಬೇದೇಗೌಡ ಸಹನಾರನ್ನು ಕಾಡಿಗೆ ಕರೆದ. ಸೋಲಿಗರವನು, ಆ ಕಾಡಿನಲ್ಲೇ ಮುದುಕನಾದವನು.

"ಅವ್ವ, ಮೊಣಕಾಲುದ್ದದ ಒಂದ್ ಬೇಲದ ಗಿಡ ತೋರ್ಸಿ ನೋಡವ."

ಸಹನಾ ಮಧ್ಯಾಹ್ನದವರೆಗೆ ಹುಡುಕಿದರು. ಲಂಟಾನ ಬೇಕಾದಷ್ಟಿತ್ತು. ಹಳೆಯ ಬೇಲದ ಮರಗಳೂ ಇದ್ದವು. ಸಸಿ ಒಂದೂ ಇರಲಿಲ್ಲ. ನೆಲ ಅಗೆದರು. ಲದ್ದಿಯೊಳಗಿನ ಬೇಲದ ಬೀಜಗಳು ಮೊಳೆತು, ಬೆಳಕು ಕಾಣದೆ ಬಿಳಿಚಿಕೊಂಡು, ಅರ್ಧ ದಾರಿಯಲ್ಲೇ ಸತ್ತಿದ್ದವು. ಸಹನಾ ಗುಂಡಿಯ ಪಕ್ಕ ಕುಳಿತು ಅತ್ತರು. ಹನ್ನೆರಡು ವರ್ಷದ ಕಾಡನ್ನು ತಾವೇ ಹೂತಿದ್ದರು.

"ಯಂತ್ರಗಳನ್ನ ನಾಳೆಯೇ ನಿಲ್ಲಿಸ್ತೀನಿ, ಬೇದಣ್ಣ. ಉಳಿದ ಹುಳುಗಳು ಮತ್ತೆ ಹೆಚ್ಚುತ್ತವೆ."

ಬೇದೇಗೌಡ ಗುಂಡಿಗೆ ಮಣ್ಣು ಎಳೆದ. "ನಾವು ಜೇನು ಕಿತ್ರೆ ಒಂದ್ ತುಂಡ ಮರದ ಬುಡ್ದಲ್ಲಿ ಹುಲಿಗೆ ಬುಡ್ತೀವಿ. ಅದ್ಕೆ ಮರ ಹತ್ತಕಾಗಲ್ವಲ್ಲ. ನಿಮ್ ಮಿಷನ್ನು ಹುಳಕ್ಕೆ ಏನ ಬುಡ್ತದವ್ವ?"

ಒಂದು ಚೂರೂ ಉಳಿಯದಂತೆ ಮಾಡಿದ್ದೇ ಸಹನಾರ ಹೆಮ್ಮೆಯಾಗಿತ್ತು.

ಮರುದಿನ ನಲವತ್ತು ಸಾವಿರ ಹೂಳುಗಗಳು ನಿಂತವು. ಬಿಸಿ ಆರದ ಲದ್ದಿಯ ಪಕ್ಕ ಇಬ್ಬರೂ ಕುಳಿತರು. ನೊಣ ಬಂದವು. ಸಂಜೆಗೆ ಲದ್ದಿ ಒಣಗಿ ಸಿಪ್ಪೆ ಕಟ್ಟಿತು. ಒಂಬತ್ತು ದಿನ, ಒಂಬತ್ತು ಜಾಗಗಳಲ್ಲಿ ಹಾಗೆಯೇ ಕಾದರು. ಒಂದು ಹುಳುವೂ ಬರಲಿಲ್ಲ. ಬೇರೆ ಕಾಡುಗಳಿಂದ ತರೋಣವೆಂದು ಸಹನಾ ಕಾಗದ ಬರೆದರು. ಅಲ್ಲಿಗೂ ಹೂಳುಗ ಹೋಗಿತ್ತು, ಹುಳು ಇಲ್ಲವೆಂದು ಉತ್ತರ ಬಂತು.

ಕೊನೆಗೆ ಯಾವ ಜಾತಿಗಳು ಇಲ್ಲಿದ್ದವು ಎಂದು ನೋಡಲು ಅವರು ತಮ್ಮ ವಿದ್ಯಾರ್ಥಿ ದಿನಗಳ ನೋಟ್‌ಬುಕ್ ತೆಗೆದರು. ೨೦೨೬ರ ಜೂನ್, ಇದೇ ಕಾಡು, ಒಂದೇ ಲದ್ದಿ, ಒಂದು ಗಂಟೆ: ೩೧೨ ಹುಳುಗಳು. ಕೆಳಗೆ ಅವರದೇ ಅವಸರದ ಅಕ್ಷರಗಳಿದ್ದವು: "ಇನ್ನೂ ಬರುತ್ತಲೇ ಇವೆ. ಎಣಿಸಿ ಸಾಕಾಯಿತು."