ಅಮ್ಮನ ಸೈಕಲ್‌ಗೆ ಕೈ ಹಾಕಿದವನು

"ಇದನ್ನ ಎಲ್ಲಿಂದ ತಂದ್ರಿ?"

ಬನ್ನಿ ಅಂತಿಲ್ಲ, ಕೂತ್ಕೊಳ್ಳಿ ಅಂತಿಲ್ಲ... ಸೈಕಲ್ ಅಂಗಡಿಯ ಮೆಕ್ಯಾನಿಕ್ ಅವಳ ಮುಖ ಕೂಡ ನೋಡದೆ ಕೇಳಿದ ಮೊದಲ ಮಾತು ಇದು!

ಅವಳಿಗೆ ಮೈಯೆಲ್ಲಾ ಉರಿದುಹೋಯ್ತು.

"ಎಲ್ಲಿಂದ ಅಂದ್ರೆ? ಕದ್ದು ತಂದಿದ್ದೀನಿ ಅಂತಾನಾ? ನಮ್ಮಮ್ಮನ ಸೈಕಲ್ ರೀ ಇದು!"

ಆಗ ಅವನು ತಲೆ ಎತ್ತಿದ. ಗ್ರೀಸ್ ಮೆತ್ತಿದ ಕೈ, ಮೂರು ದಿನದ ಗಡ್ಡ, ಕಣ್ತುಂಬಾ ಆಸೆ. ಆಸೆ ಅವಳ ಮೇಲಲ್ಲ ಮತ್ತೆ, ಸೈಕಲ್ ಮೇಲೆ!

"ಹಾಗಲ್ಲ... ಇದೇ ಕಂಪನಿದು, ಇದೇ ವರ್ಷದ್ದು, ಇದೇ ಅಳತೇದು ನನ್ನ ಹತ್ರಾನೂ ಒಂದಿದೆ. ಇಡೀ ಊರಿಗೆ ಅದೊಂದೇ ಅಂದ್ಕೊಂಡಿದ್ದೆ."

ಒಳಕೋಣೆಯ ಗೋಡೆಗೆ ನೇತು ಹಾಕಿದ್ದ ಕೆಂಪು ಸೈಕಲ್ ತೋರಿಸಿದ. ಅಮ್ಮನದು ಹಸಿರು. ಬಣ್ಣ ಒಂದು ಬಿಟ್ರೆ ಎರಡೂ ಅವಳಿ ಜವಳಿ.

'ಹೇಗೆ ಜೊಲ್ಲು ಸುರಿಸ್ಕೊಂಡು ನೋಡ್ತಿದ್ದಾನೆ! ಇವನ ಮೇಲೆ ಒಂದು ಕಣ್ಣಿಟ್ಟಿರ್ಬೇಕು...' ಅಂತ ಅವಳು ಆಗಲೇ ತೀರ್ಮಾನಿಸಿಬಿಟ್ಟಳು.

ಪಾಪ, ಅವಳದೂ ತಪ್ಪಿಲ್ಲ ಬಿಡಿ. ವಿಮೆ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಅವಳ ಕೆಲಸವೇ ಸುಳ್ಳು ಹಿಡಿಯೋದು. ನಿಂತಿದ್ದ ಕಾರು ತಾನಾಗೇ ಹೋಗಿ ಗೋಡೆಗೆ ಗುದ್ದಿತು ಅನ್ನೋರು, ನೀರಿಗೆ ಬಿತ್ತು ಅಂತ ಒಣಗಿದ ಫೋನ್ ತಂದು ತೋರಿಸೋರು... ಇಂಥೋರನ್ನೇ ನೋಡಿ ನೋಡಿ, ಮನೇಲಿ ಹಾಲು ಒಡೆದ್ರೂ "ಕೊನೇಲಿ ಮುಟ್ಟಿದ್ದು ಯಾರು?" ಅಂತ ವಿಚಾರಣೆ ಶುರು ಮಾಡೋಳು. ಅದಕ್ಕೇ ಅಮ್ಮ ಅವಳನ್ನ 'ಪತ್ತೇದಾರಿ' ಅಂತಲೇ ಕರೆಯೋದು.

ಅಮ್ಮ ಒಂದು ಕಾಲದಲ್ಲಿ ಸೈಕಲ್ ರೇಸ್ ಓಡಿಸ್ತಿದ್ದೋರು. ಆಮೇಲೆ ಶಾಲೆಯಲ್ಲಿ ಆಟದ ಟೀಚರ್. ಈಗ ಮಂಡಿ ಕೈಕೊಟ್ಟು ಮೆಟ್ಟಿಲು ಹತ್ತೋದೂ ಕಷ್ಟ. ವಿದೇಶದಲ್ಲಿ ವರ್ಷಕ್ಕೊಮ್ಮೆ ಹಳೇ ಸೈಕಲ್‌ಗಳ ಸವಾರಿ ಒಂದು ನಡೆಯುತ್ತೆ. ಗುಡ್ಡದ ಮೇಲಿನ ಬಿಳಿ ಮಣ್ಣಿನ ರಸ್ತೆ, ಎಂಬತ್ತು ಕಿಲೋಮೀಟರ್. ಸೈಕಲ್ ಹಳೇದೇ ಆಗಿರ್ಬೇಕು, ಬ್ರೇಕ್ ತಂತಿ ಹ್ಯಾಂಡಲ್‌ನಿಂದ ಹೊರಗೆ ಕಾಣ್ಬೇಕು, ಮೈಮೇಲೆ ಹಳೇ ಕಾಲದ ಉಣ್ಣೆ ಅಂಗಿ ಇರ್ಬೇಕು. ಇಲ್ಲಾಂದ್ರೆ ಹೊರಡೋ ಗೆರೆ ದಾಟೋಕೂ ಬಿಡಲ್ಲ!

"ನನ್ನ ಕೈಲಂತೂ ಆಗ್ಲಿಲ್ಲ. ನನ್ನ ಸೈಕಲ್ ಆದ್ರೂ ಆ ರಸ್ತೆ ನೋಡ್ಲಿ ಕಣೇ," ಅಂದಿದ್ದರು ಅಮ್ಮ.

ಅಷ್ಟು ಸಾಕಾಯ್ತು ಮಗಳಿಗೆ. ಹೆಸರು ಕೊಟ್ಟೇಬಿಟ್ಟಳು. ಚೀಟಿ ಎತ್ತೋದ್ರಲ್ಲಿ ಮೊದಲ ಸಲಕ್ಕೇ ಅವಳ ಹೆಸರು ಬಂತು.

"ನೋಡಿ, ಸರ್ವಿಸ್ ಮಾಡಿ ಸಾಕು," ಸವಾರಿ ವಿಷಯ ಹೇಳಿ ಮೆಕ್ಯಾನಿಕ್ ಮುಂದೆ ಬೆರಳಾಡಿಸಿದಳು. "ಪೂರ್ತಿ ಅಮ್ಮನದೇ ಆಗಿರ್ಬೇಕು. ಒಂದೇ ಒಂದು ಬೋಲ್ಟ್ ಬದಲಾದ್ರೂ ನಾನು ಹೋಗೋದೇ ಇಲ್ಲ!"

"ಆಯ್ತು," ಅಂದ. ಆಮೇಲೆ ಮೆತ್ತಗೆ, "ಆ ಸವಾರಿಗೆ ನಾನೂ ಹೆಸರು ಕೊಟ್ಟಿದ್ದೀನಿ. ಆರು ವರ್ಷದಿಂದ ಪ್ರಯತ್ನ ಪಟ್ಟು ಈ ಸಲ ಸಿಕ್ಕಿದೆ," ಅಂದ.

'ಓಹೋ! ಇದೂ ಕಾಕತಾಳೀಯಾನಾ?'

ಆದರೆ ಶನಿವಾರದ ಮೇಲೆ ಶನಿವಾರ ಉರುಳಿತು. ವೀಸಾ ಅರ್ಜಿ, ಡಾಕ್ಟರ ಸರ್ಟಿಫಿಕೇಟ್, ಒಂದೇ ವಿಮಾನಕ್ಕೆ ಟಿಕೆಟ್... ಎಲ್ಲಾ ಅಂಗಡಿಯ ಮರದ ಬೆಂಚಿನ ಮೇಲೇ ಆಯ್ತು. ಅವನು ಪಂಕ್ಚರ್ ಹಾಕೋದು ಕಲಿಸಿದ, ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬೋದು ಕಲಿಸಿದ. ಈ ಕಂಪನಿಯವರು ಫ್ರೇಮಿನ ಹೊಟ್ಟೆಗೂ ಫೋರ್ಕಿನ ಕತ್ತಿಗೂ ಒಂದೇ ನಂಬರ್ ಕೊರೀತಿದ್ರು ಅಂತ ಹೇಳ್ಕೊಟ್ಟಿದ್ದೂ ಅವನೇ. ಫೋರ್ಕ್ ಅಂದ್ರೆ ಮುಂದಿನ ಚಕ್ರವನ್ನ ಹಿಡಿದಿರೋ ಆ ಎರಡು ಕಾಲಿನ ಕಬ್ಬಿಣ. ಅದರ ಕತ್ತು ಫ್ರೇಮಿನೊಳಗೆ ಅಡಗಿರುತ್ತೆ, ಬಿಚ್ಚಿದ್ರೆ ಮಾತ್ರ ಕಾಣೋದು.

ನಾಲ್ಕು ತಿಂಗಳಲ್ಲಿ ಅವನ ಒಂದೇ ಒಂದು ಸುಳ್ಳೂ ಸಿಗಲಿಲ್ಲ ಅವಳಿಗೆ. ಅದೇ ಅನುಮಾನಕ್ಕೆ ಕಾರಣ ಆಯ್ತು ನೋಡಿ!

'ಇಷ್ಟು ಒಳ್ಳೆಯವರು ಇರೋಕೆ ಸಾಧ್ಯಾನಾ? ಮತ್ತೆ... ಇವನು ನಕ್ಕಾಗ ನನ್ನೆದೆ ಯಾಕೆ ಹೀಗೆ ಡವಡವ ಅನ್ನುತ್ತೆ?'

ಹೊರಡೋಕೆ ಮೂರು ವಾರ ಇದೆ ಅನ್ನುವಾಗ ಎಲ್ಲಾ ತಲೆಕೆಳಗಾಯ್ತು.

ಒಂದು ಸಂಜೆ ಅವಳು ಅಂಗಡಿ ಹತ್ತಿರ ಬಂದಾಗ, ಅಲ್ಲಿಗೆ ಆಗಾಗ ಬರೋ, ಹಳೇ ಸಾಮಾನು ಸಂಗ್ರಹಿಸೋ ದಪ್ಪ ಕನ್ನಡಕದವರು ಬಟ್ಟೆ ಸುತ್ತಿದ ಏನನ್ನೋ ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಂದರು. ಇವಳನ್ನ ನೋಡಿದ್ದೇ ತಡ, ಸರಸರ ರಸ್ತೆ ದಾಟಿದರು. ಒಳಕೋಣೆಗೆ ಹೊಸದಾಗಿ ಪರದೆ ಬೇರೆ ಬಂದಿತ್ತು!

"ಏನು ತಗೊಂಡು ಹೋದ್ರು ಅವರು?"

"ಏನಿಲ್ಲ." ಅವನು ಕಣ್ಣು ತಪ್ಪಿಸಿದ. "ನಿಮ್ಮ ಸೈಕಲ್ ರೆಡಿ. ಮತ್ತೆ... ನಾನು ಈ ವರ್ಷ ಬರ್ತಿಲ್ಲ. ನೀವು ಹೋಗ್ಬನ್ನಿ."



"ಯಾಕೆ?"

"ಅಂಗಡಿ ಕೆಲಸ ಜಾಸ್ತಿ ಇದೆ."

ಸುಳ್ಳು! ಹನ್ನೊಂದು ವರ್ಷದ ಅನುಭವ ಅವಳ ಕಿವಿಯಲ್ಲಿ ಕೂಗಿ ಹೇಳ್ತು.

"ಇನ್ನೊಂದು ಮಾತು," ಅವನು ಬಾಗಿಲವರೆಗೂ ಬಂದ. "ಪ್ಯಾಕಿಂಗ್ ಅಭ್ಯಾಸ ಮಾಡುವಾಗ ಫೋರ್ಕ್ ಮಾತ್ರ ಬಿಚ್ಚಬೇಡಿ. ಅದನ್ನ ನಾನೇ ಬಂದು ಬಿಚ್ತೀನಿ."

ಬಿಚ್ಚಬೇಡಿ ಅಂದ್ರೆ ಬಿಡ್ತಾಳಾ ನಮ್ಮ ಪತ್ತೇದಾರಿ? ಭಾನುವಾರ ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಫೋರ್ಕ್ ಎಳೆದು ತೆಗೆದೇ ತೆಗೆದಳು.

ಫ್ರೇಮಿನ ಮೇಲೆ 417. ಫೋರ್ಕಿನ ಕತ್ತಿನ ಮೇಲೆ 392!

ಎರಡು ಸಲ ಒರೆಸಿ ನೋಡಿದಳು. ಟಾರ್ಚ್ ಹಾಕಿ ನೋಡಿದಳು. 392 ಅಂದ್ರೆ 392.

ಎಲ್ಲಾ ಒಂದಕ್ಕೊಂದು ಕೂಡಿಕೊಂಡಿತು. ಬಟ್ಟೆಯ ಗಂಟು... ಪರದೆ... ಬರಲ್ಲ ಅಂದಿದ್ದು... 'ಅಮ್ಮನದನ್ನ ಆ ಕನ್ನಡಕದವರಿಗೆ ಮಾರಿಬಿಟ್ಟಿದ್ದಾನೆ! ಮುಖ ತೋರಿಸೋಕಾಗದೆ ಪ್ರಯಾಣಾನೂ ಬಿಟ್ಟಿದ್ದಾನೆ! ಛೇ... ಇವನನ್ನ ನಾನು...'

ಮುಂದಿನ ಪದ ಮನಸ್ಸಿಗೂ ಬರಗೊಡಲಿಲ್ಲ ಅವಳು. ಆದರೆ ಅಳು ಬಂದುಬಿಟ್ಟಿತು.

ಅರ್ಧ ಗಂಟೆಯಲ್ಲಿ ಅಂಗಡಿ ಮುಂದೆ ನಿಂತಿದ್ದಳು. ಗಿರಾಕಿಗಳು ನಾಲ್ಕು ಜನ ಇದ್ದರು. ಇರಲಿ!

"ಅಮ್ಮನ ಫೋರ್ಕ್ ಎಲ್ಲಿ?"

ಅವನ ಮುಖ ಬಿಳಿಚಿಕೊಂಡಿತು. "ಬಿಚ್ಚಿದ್ರಾ..."

"ಕೇಳಿದ್ದಕ್ಕೆ ಉತ್ತರ ಹೇಳಿ! ಬದಲಾಯಿಸಿದ್ದೀರಾ, ಇಲ್ವಾ?"

"ಬದಲಾಯಿಸಿದ್ದೀನಿ."

"ಯಾಕೆ?"

ಗಿರಾಕಿಗಳೆಲ್ಲಾ ಅವನನ್ನೇ ನೋಡ್ತಿದ್ದರು.

"ಹೇಳೋಕಾಗಲ್ಲ."

"ಹೇಗಾಗುತ್ತೆ? ಕಳ್ಳತನಕ್ಕೆ ಕಾರಣ ಬೇರೆ ಇರುತ್ತಾ? ಮೊದಲ ದಿನವೇ ಗೊತ್ತಾಗಿತ್ತು ನನಗೆ. ಗೊತ್ತಿದ್ದೂ ನಾನೇ... ನಾನೇ ಹುಚ್ಚಿ!"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಬೆಂಚಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತ. ಬೈದಿದ್ದರೂ ಅವಳಿಗೆ ಸಮಾಧಾನ ಆಗ್ತಿತ್ತು.

ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಕೂಗಾಡಿದಳು. "ಕಳ್ಳ ಅಮ್ಮಾ ಅವನು! ನಾನು ಎಲ್ಲಿಗೂ ಹೋಗಲ್ಲ. ಟಿಕೆಟ್ ಕ್ಯಾನ್ಸಲ್!"

ಅಮ್ಮ ಬೆಡ್‌ಶೀಟ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬಿಚ್ಚಿದ ಫೋರ್ಕ್ ಅವರ ತೊಡೆಯ ಮೇಲಿತ್ತು.

"ಯಾರ ಮುಂದೆ ಅಂದೆ ಆ ಮಾತನ್ನ?"

"ಎಲ್ಲರ ಮುಂದೆ."

"ಅಯ್ಯೋ ನನ್ನ ಕರ್ಮವೇ!" ಅಮ್ಮ ಹಣೆ ಚಚ್ಚಿಕೊಂಡರು. "ಕಳ್ಳಿ ನಾನು ಕಣೇ... ಅವನಲ್ಲ."

ಅವಳಿಗೆ ಅರ್ಥವಾಗಲಿಲ್ಲ.

"ನನ್ನ ಕೊನೇ ರೇಸಲ್ಲಿ ತಿರುವು ನೋಡದೆ ನುಗ್ಗಿ ಗೋಡೆಗೆ ಗುದ್ದಿದ್ದೆ. ತಪ್ಪು ಪೂರ್ತಿ ನಂದೇ. ಮಂಡಿಗೆ ಮೊದಲು ಪೆಟ್ಟು ಬಿದ್ದಿದ್ದೂ ಅವತ್ತೇ. ಮೆಟ್ಟಿಲಿಂದ ಬಿದ್ದೆ ಅಂತ ಎಲ್ಲರಿಗೂ ಸುಳ್ಳು ಹೇಳಿದೆ. ಸೊಟ್ಟಗಾದ ಫೋರ್ಕನ್ನ ವೆಲ್ಡಿಂಗ್ ಅಂಗಡೀಲಿ ಬಡಿಸಿ ನೆಟ್ಟಗೆ ಮಾಡಿಸಿ, ಬಣ್ಣ ಬಳಿಸಿಬಿಟ್ಟೆ. ಹಾಗೆ ಬಡಿಸಿದ ಕಬ್ಬಿಣ ಒಳಗೊಳಗೇ ಬಿರುಕು ಬಿಡುತ್ತಂತೆ. ನೀನು ಆಫೀಸಿಗೆ ಹೋದಾಗ ಅವನೇ ಆ ಬಿರುಕನ್ನ ತಂದು ತೋರಿಸಿದ. ಇಳಿಜಾರಲ್ಲಿ ಮುರಿದ್ರೆ ನಿನ್ನ ಮುಖ, ಕತ್ತು..."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ನಾನೇ ಕೈ ಮುಗಿದೆ, ಹೇಳ್ಬೇಡಪ್ಪಾ ಅಂತ. ಬೋಲ್ಟ್ ಬದಲಾದ್ರೂ ಹೋಗಲ್ಲ ಅಂದಿದ್ದೆಯಲ್ಲ ನೀನು? ಮತ್ತೆ... ನಿನ್ನ ಕಣ್ಣಲ್ಲಿ ನಾನು ಸಣ್ಣೋಳಾಗ್ಬಿಡ್ತೀನಿ ಅಂತ ಭಯ. ಹಳೇ ಸಾಮಾನಿನ ಕನ್ನಡಕದವರು ಯಾರೋ ಒಂದು ಫೋರ್ಕ್ ತಂದಿದ್ರಂತೆ, ಅಳತೆ ಕೂಡ್ಲಿಲ್ಲ, ನಿನ್ನ ಕಣ್ಣಿಗೆ ಬೀಳದ ಹಾಗೆ ವಾಪಸ್ ತಗೊಂಡು ಹೋದ್ರಂತೆ."

"ಹಾಗಾದ್ರೆ ಇದು ಯಾರದು?"

"ಅದನ್ನ ನಾನೂ ಕೇಳ್ದೆ. ಹೇಳ್ಲೇ ಇಲ್ಲ. ಈಗ ಸುಮ್ನೆ ಕೆರೆದು ನೋಡ್ದೆ... ನೀನೇ ನೋಡು."

ಅಮ್ಮನ ಉಗುರು ಓಡಿದ ಜಾಗದಲ್ಲಿ ಹಸಿರಿನ ಕೆಳಗೆ ಕೆಂಪು ಬಣ್ಣ ಇಣುಕುತ್ತಿತ್ತು.

ಆರು ವರ್ಷ ಕಾದು ಸಿಕ್ಕ ಸವಾರಿ... ಅದನ್ನ ಬಿಟ್ಟು, ತನ್ನ ಕೆಂಪು ಸೈಕಲ್‌ನ ಫೋರ್ಕ್ ಬಿಚ್ಚಿ, ಹಸಿರು ಬಣ್ಣ ಬಳಿದು, ಅವಳಿಗೆ ಕೊಟ್ಟಿದ್ದ! ಅವಳು ಅವನನ್ನ ನಾಲ್ಕು ಜನರ ಮುಂದೆ ಕಳ್ಳ ಅಂದು ಬಂದಿದ್ದಳು.

"ಅಮ್ಮಾ... ನೀನು ನನಗೆ ಯಾವತ್ತೂ ಸಣ್ಣೋಳಾಗಲ್ಲ," ಅಂತ ಅಮ್ಮನನ್ನ ಒಮ್ಮೆ ಬಿಗಿಯಾಗಿ ತಬ್ಬಿಕೊಂಡಳು. ಆಮೇಲೆ ಓಡಿದಳು.

ಅಂಗಡಿಯಲ್ಲಿ ಈಗ ಗಿರಾಕಿಗಳಿರಲಿಲ್ಲ. ಅವಳು ಯಾರನ್ನೂ ಕೇಳದೆ ಪರದೆ ಸರಿಸಿದಳು. ಗೋಡೆ ಮೇಲೆ ಕೆಂಪು ಸೈಕಲ್ ಇತ್ತು. ಮುಂದಿನ ಚಕ್ರ ಪಕ್ಕದಲ್ಲಿ ಒರಗಿತ್ತು. ಫೋರ್ಕ್ ಇರಬೇಕಾದ ಜಾಗ ಖಾಲಿ.

"ಅಮ್ಮ ಹೇಳಿದ್ರಾ?" ಹಿಂದಿನಿಂದ ಅವನ ದನಿ.

ಅವಳು ತಿರುಗಿದಳು. ಕಣ್ಣೀರು ಧಾರಾಕಾರ.

"ನಾಲ್ಕು ಜನರ ಮುಂದೆ ಅಂದೆ. ಆ ನಾಲ್ಕೂ ಜನರನ್ನ ಹುಡುಕಿ, ತಪ್ಪು ನಂದು ಅಂತ ಹೇಳಿ ಬರ್ತೀನಿ. ನೀವು ಬೈಯಿರಿ ನನ್ನ. ಯಾಕೆ ಬೈಯಲ್ಲ?"

"ನೋವಾಯ್ತು," ಅಂದ ಅವನು. "ತುಂಬಾ ನೋವಾಯ್ತು. ಆದ್ರೆ ನೀವು ಬಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ನೀವೂ ಬನ್ನಿ," ಅಂದಳು ಕೊನೆಗೆ.

"ಸೈಕಲ್ ಇಲ್ದೆ ನಾನು ಬಂದು ಏನು ಮಾಡ್ಲಿ?"

"ಅದು... ಪಂಕ್ಚರ್ ಹಾಕೋದು ಮರೆತುಹೋಗಿದೆ ನನಗೆ."

"ಹೋದ ವಾರ ಏಳು ನಿಮಿಷದಲ್ಲಿ ಹಾಕಿದ್ರಿ."

"ಪೆಟ್ಟಿಗೆ ಭಾರ."

"ಅದಕ್ಕೆ ಚಕ್ರ ಇದೆ."

"ದಾರಿ ಗೊತ್ತಿಲ್ಲ!"

"ಸುಳ್ಳು ಹೇಳೋಕೆ ನಿಮಗೆ ಸ್ವಲ್ಪಾನೂ ಬರಲ್ಲ," ಅವನ ತುಟಿಯಂಚಲ್ಲಿ ಸಣ್ಣ ನಗು ಬಂತು.

ಅವಳಿಗೆ ಇನ್ನು ತಡೆದುಕೊಳ್ಳೋಕೆ ಆಗಲಿಲ್ಲ. "ನಿಮ್ಮನ್ನ ಪ್ರೀತಿಸ್ತೀನಿ ರೀ! ಅದಕ್ಕೇ ಅಷ್ಟು ಕೋಪ ಬಂತು. ಬೇರೆ ಯಾರೇ ಮೋಸ ಮಾಡಿದ್ರೂ ವರದಿ ಬರೆದು ಮುಗಿಸ್ತಿದ್ದೆ. ನೀವು ಮಾಡಿದ್ರಿ ಅಂದ್ಕೊಂಡಾಗ... ಉಸಿರೇ ನಿಂತ ಹಾಗಾಯ್ತು."

ಅವನು ಗ್ರೀಸ್ ಕೈಯನ್ನ ಅಂಗಿಗೇ ಒರೆಸಿಕೊಂಡು, ಹೆದರಿ ಹೆದರಿ ಅವಳ ಕೈ ಹಿಡಿದ.

"ನೀವು ಓಡ್ಸಿ. ಕೊನೇ ಗೆರೆ ಹತ್ರ ನಾನು ನಿಂತಿರ್ತೀನಿ."

"ನಿಮ್ಮ ಟಿಕೆಟ್? ಬರಲ್ಲ ಅಂದಾಗ್ಲೇ ಕ್ಯಾನ್ಸಲ್ ಮಾಡಿರ್ಬೇಕಲ್ಲ?"

"ಮಾಡಿಲ್ಲ."

"ಯಾಕೆ?" ತಟ್ಟನೆ ಅವಳ ಹುಬ್ಬು ಗಂಟಾಯಿತು.

"ದಿನಾ ಮಾಡ್ಬೇಕು ಅನ್ಕೊಳ್ತಿದ್ದೆ. ನೀವೇನಾದ್ರೂ ಕರೀತೀರೇನೋ ಅಂತ... ಮಾಡೋಕೆ ಮನಸ್ಸೇ ಬರ್ಲಿಲ್ಲ."

"ನಿಜವಾಗ್ಲೂ?"

"ತಡೀರಿ, ಫೋನಲ್ಲಿದೆ, ತೋರಿಸ್ತೀನಿ."

ಫೋನ್ ತೆಗೆಯೋಕೆ ಹೋದ ಅವನ ಕೈಯನ್ನ ಅವಳು ಬಿಡಲಿಲ್ಲ.

"ಬೇಡ," ಅಂದಳು. "ನಂಬ್ತೀನಿ."